ಆತಂಕಕ್ಕೆ ಮಾತ್ರೆ: ನಿಧಾನದ್ದೋ, ತಕ್ಷಣದ್ದೋ?

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತುವಾಗಲೇ ಎದೆ ಡವಗುಟ್ಟುತ್ತದೆ ಎಂದು ವೈದ್ಯರಿಗೆ ಹೇಳಿದರೆ, ಹೆಚ್ಚಾಗಿ ಎರಡು ಬಗೆಯ ಮಾತ್ರೆಗಳ ಮಾತು ಬರುತ್ತದೆ.

ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ನಿಧಾನದವು. ಗುಣ ಕಾಣಲು 2ರಿಂದ 6 ವಾರ ಬೇಕು. ಅದಕ್ಕೂ ಮೊದಲು ವಾಕರಿಕೆ, ನಿದ್ದೆಗೇಡು ಬರಬಹುದು. ಕೆಲವರಿಗೆ ಆತಂಕವೇ ತುಸು ಹೆಚ್ಚಬಹುದು. ಈ ಹಂತದಲ್ಲೇ ಕೈಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದೇ ಎಂದೂ ಸಂಕೋಚವಿಲ್ಲದೆ ಕೇಳಿ. ತಿಂಗಳುಗಟ್ಟಲೆ ಕಾಡುವ ಆತಂಕಕ್ಕೆ ಸಾಮಾನ್ಯವಾಗಿ ಇವೇ ಮೊದಲ ಆಯ್ಕೆ. ನಿಲ್ಲಿಸುವಾಗ ಮಾತ್ರ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಕ್ಲೊನಜೆಪಾಮ್, ಅಲ್ಪ್ರಜೋಲಾಮ್ ತಕ್ಷಣದವು. ಸುಮಾರು ಒಂದು ಗಂಟೆಯೊಳಗೆ ಶಮನ ಕೊಡುತ್ತವೆ. ಮಂಪರು ತರುತ್ತವೆ, ಮದ್ಯದ ಜೊತೆ ಅಪಾಯ, ವಾರಗಳು ಉರುಳಿದರೆ ದೇಹ ಅವನ್ನೇ ನೆಚ್ಚಿಕೊಳ್ಳುತ್ತದೆ. ಪಕ್ಕದ ಮನೆಯವರ ಚೀಟಿ ನೋಡಿ ನುಂಗಲೇಬೇಡಿ.

ಕೈನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಆಸ್ತಮಾ ಇದ್ದವರಿಗೆ ಆಗದು.

ದೀರ್ಘಕಾಲದ ತೊಂದರೆಗೆ ನನ್ನ ಒಲವು ಮೊದಲ ಬಗೆಯತ್ತ. ಗರ್ಭಿಣಿಯಾಗಿದ್ದರೆ, ಬೇರೆ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಮರಾಠಿ, ಹಿಂದಿಯಲ್ಲಿ ಒಳಗಿನ ನೋವು ಹೇಳಲು ಬಾರದಿದ್ದರೆ ಕನ್ನಡದಲ್ಲೇ ಬರೆದುಕೊಂಡು, ವಿವರಿಸಬಲ್ಲ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಪರೇಲಿನ ಕೆಇಎಂ, ಸಯನ್ ಪಾಲಿಕೆ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗವಿದೆ.