ಶಿಂಗ್ರಿಕ್ಸ್ ಲಸಿಕೆ: ಕಲಬುರಗಿಯಲ್ಲಿ ಹಾಕಿಸುವ ಮುಂಚೆ

ಸರ್ಪಸುತ್ತು ತಡೆಯಲು 50 ವರ್ಷ ದಾಟಿದವರಿಗೆ ಕೊಡುವ ಶಿಂಗ್ರಿಕ್ಸ್ 2023ರಿಂದ ಭಾರತದಲ್ಲಿ ಸಿಗುತ್ತಿದೆ. ಬೆಲೆ ಜಾಸ್ತಿಯೇ, ಅದೂ ಎರಡು ಡೋಸ್. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ದೊಡ್ಡ ಪ್ರಯೋಗಗಳಲ್ಲಿ 50 ದಾಟಿದವರಿಗೆ ಸುಮಾರು ಶೇ 97, 70 ದಾಟಿದವರಿಗೂ ಶೇ 91ರಷ್ಟು ರಕ್ಷಣೆ ಸಿಕ್ಕಿದೆ.

ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆದವರ ನರಗಂಟುಗಳಲ್ಲಿ ಆ ವೈರಸ್ ಜೀವನಪೂರ್ತಿ ಅಡಗಿರುತ್ತದೆ. ಅದು ಮತ್ತೆ ತಲೆ ಎತ್ತಿದರೆ ಬರುವುದೇ ಸರ್ಪಸುತ್ತು. ಆಗ ಸೋಂಕು ತಗುಲಿದ ಜೀವಕೋಶ ವೈರಸ್ಸಿನ ಪ್ರೋಟೀನ್ ಚೂರುಗಳನ್ನು ತನ್ನ ಮೈಮೇಲೆ ಎತ್ತಿ ತೋರಿಸುತ್ತದೆ. ಆ ಚೂರು ಗುರುತಿಸಿ ಹತ್ತಿಕ್ಕುವುದು ಟಿ ಕೋಶಗಳ (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಕೆಲಸ. ವಯಸ್ಸಾದಂತೆ ಕುಗ್ಗುವುದು ಈ ಟಿ ಕೋಶಗಳ ಬಲ. ರಕ್ತದ ಆಂಟಿಬಾಡಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಹಾಗಾಗಿ ಆ ಆಂಟಿಬಾಡಿ ಇದೆಯಾ ಎಂದು ನೋಡುವ ಐಜಿಜಿ ರಕ್ತಪರೀಕ್ಷೆ ಮಾಡಿಸಿ, ‘ಪಾಸಿಟಿವ್ ಬಂದಿದೆ, ಇನ್ನು ಲಸಿಕೆ ಯಾಕೆ’ ಅನ್ನುವುದು ತಪ್ಪು ಲೆಕ್ಕ. ಆ ದುಡ್ಡು ಉಳಿಸಿ.

ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಹೊರಮೈಯ ಜಿಇ ಪ್ರೋಟೀನ್ 50 ಮೈಕ್ರೋಗ್ರಾಂ, ಜೊತೆಗೆ ಟಿ ಕೋಶಗಳನ್ನು ಬಡಿದೆಬ್ಬಿಸುವ ಎಎಸ್01ಬಿ ದ್ರವ. ತೋಳು ನೋವು, ಮೈಕೈ ನೋವು, ಕೆಲವರಿಗೆ ಜ್ವರ ಎರಡು ಮೂರು ದಿನ ಇರುವುದು ಮುಖ್ಯವಾಗಿ ಈ ದ್ರವದಿಂದ.

ಹಾಕಿಸುವಾಗ ಕಣ್ಣಿಟ್ಟು ನೋಡಿ. ಡಬ್ಬಿಯಲ್ಲಿ ಎರಡು ಸೀಸೆ: ಒಂದರಲ್ಲಿ ಬಿಳಿ ಪುಡಿ, ಇನ್ನೊಂದರಲ್ಲಿ ದ್ರವ. ದ್ರವವನ್ನು ಪೂರ್ತಿ ಪುಡಿಗೆ ಹಾಕಿ, ಮೆಲ್ಲಗೆ ಅಲುಗಾಡಿಸಿ, ಪುಡಿ ಕರಗಿದ ಮೇಲೆ 0.5 ಮಿಲಿ ತೋಳಿನ ಸ್ನಾಯುವಿಗೆ. ಗಡಿಬಿಡಿಯಲ್ಲಿ ಬರೀ ದ್ರವ ಚುಚ್ಚಿದರೆ ನೋವಷ್ಟೇ ಗಿಟ್ಟುತ್ತದೆ, ಪ್ರೋಟೀನ್ ಮೈಗೆ ಹೋಗಿರುವುದೇ ಇಲ್ಲ. ಕಲಸಿದ ಕೂಡಲೇ ಹಾಕಬೇಕು. ತಡವಾದರೆ ಫ್ರಿಜ್‌ನಲ್ಲಿ 6 ಗಂಟೆ ಮಾತ್ರ.

ನಮ್ಮೂರಿನ ದೊಡ್ಡ ತೊಂದರೆ ಬಿಸಿಲು. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮೆಡಿಕಲ್‌ನಲ್ಲಿ ಕೊಂಡು ಸ್ಕೂಟರ್ ಡಿಕ್ಕಿಯಲ್ಲಿ ಒಯ್ಯಬೇಡಿ. ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಕರೆಂಟ್ ಹೋದಾಗ ಫ್ರಿಜ್‌ಗೆ ಇನ್ವರ್ಟರ್ ಇದೆಯಾ, ತಾಪಮಾನ ಬರೆದಿಡುವ ಪುಸ್ತಕ ಇದೆಯಾ ಕೇಳಿ. ತೋರಿಸಲು ಹಿಂದೇಟು ಹಾಕುವ ಕಡೆ ಹಾಕಿಸಬೇಡಿ.

ಗುಳ್ಳೆ ಎದ್ದ ಮೇಲೆ ಇದು ಔಷಧಿಯಲ್ಲ. ಆಗ ಜಾಜು ಹಚ್ಚಿಸುತ್ತಾ ಕೂರದೆ 72 ಗಂಟೆಯೊಳಗೆ ವೈದ್ಯರ ಹತ್ತಿರ ಹೋಗಿ, ವೈರಸ್ ಹತ್ತಿಕ್ಕುವ ಮಾತ್ರೆ ಶುರುಮಾಡಿ.

ಎರಡನೇ ಡೋಸ್ 2ರಿಂದ 6 ತಿಂಗಳೊಳಗೆ. ಅಕ್ಟೋಬರ್‌ನಲ್ಲಿ ಶುರುಮಾಡಿ ಜನವರಿಯೊಳಗೆ ಮುಗಿಸಿದರೆ ಎರಡೂ ಡೋಸ್ ಬೇಸಿಗೆಗೆ ಸಿಗದೆ ಆಗಿಬಿಡುತ್ತವೆ.