ಕೊನೆಯ ದಿನಗಳ ಆರೈಕೆಗೆ ಏರ್‌ಬೆಡ್: ಗುಳ್ಳೆಯದ್ದೋ, ಕೊಳವೆಯದ್ದೋ?

ಅಪ್ಪ ಅಥವಾ ಅಮ್ಮ ಮನೆಯಲ್ಲೇ ಕೊನೆಯ ದಿನಗಳನ್ನು ಕಳೆಯುತ್ತಿದ್ದರೆ, ಬೆನ್ನು ಹುಣ್ಣಾಗದಂತೆ ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ನೆರವಾಗುತ್ತದೆ. ಗುಳ್ಳೆಗಳದ್ದು ಅಗ್ಗ, ಹಗುರ; ಮೈಭಾರ ಕಡಿಮೆ ಇದ್ದರೆ ಸಾಕಾಗಬಹುದು. ಮೈಭಾರ ಹೆಚ್ಚಿದ್ದರೆ ಅಡ್ಡ ಕೊಳವೆಗಳದ್ದೇ ಸರಿ. ಒಂದು ಕೊಳವೆ ತೂತಾದರೂ ಅದೊಂದನ್ನೇ ಬದಲಿಸಬಹುದು, ಗುಳ್ಳೆಯದ್ದು ತೂತಾದರೆ ತೇಪೆಯೇ ಗತಿ.

ಪಂಪು ಸುಮಾರು 10 ನಿಮಿಷಕ್ಕೊಮ್ಮೆ ಗಾಳಿಯನ್ನು ಸಾಲಿನಿಂದ ಸಾಲಿಗೆ ಬದಲಿಸುತ್ತದೆ. ಒತ್ತಡದ ತಿರುಪನ್ನು ನಂಬಿ ಕೂರಬೇಡಿ. ಸೊಂಟದ ಕೆಳಗೆ, ಏರ್‌ಬೆಡ್‌ನ ಅಡಿಗೆ ಅಂಗೈ ತೂರಿಸಿ ನೋಡಿ: ಕೈಗೂ ಮೈಗೂ ನಡುವೆ ಕನಿಷ್ಠ 2.5 ಸೆಂ.ಮೀ. ಗಾಳಿಯ ಪದರ ಇರಬೇಕು. ಮೂಳೆ ತಗುಲಿದರೆ ಒತ್ತಡ ಏರಿಸಿ.

ಕೆಡುವುದು ಹೆಚ್ಚಾಗಿ ನಮ್ಮ ಅತಿ ಕಾಳಜಿಯಿಂದ. ಮೇಲೆ ರಬ್ಬರ್ ಶೀಟು, ದುಪ್ಪಟಿ, ಟವೆಲ್ ಅಂತ ಪದರ ಹೇರಿದರೆ ಏರ್‌ಬೆಡ್ ಇದ್ದೂ ಇಲ್ಲದಂತೆ. ಒಂದೇ ಹತ್ತಿ ಬಟ್ಟೆ, ಅದೂ ಸಡಿಲವಾಗಿ. ತಲೆಯ ಭಾಗವನ್ನು 30 ಡಿಗ್ರಿಗಿಂತ ಹೆಚ್ಚು ಎತ್ತಿದರೆ ಮೈ ಕೆಳಕ್ಕೆ ಜಾರಿ ಚರ್ಮ ಉಜ್ಜುತ್ತದೆ. ಹಿಮ್ಮಡಿ ತೇಲುವಂತೆ ಮೀನಖಂಡದ ಕೆಳಗೆ ದಿಂಬಿಡಿ.

ಏರ್‌ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು. ಹೊರಳಿಸಿದರೆ ನೋವಾಗುವುದಾದರೆ, ಅದಕ್ಕೂ ಮುಂಚೆ ಔಷಧ ಯಾವಾಗ ಕೊಡಬೇಕೆಂದು ನರ್ಸ್‌ರನ್ನು ಕೇಳಿಕೊಳ್ಳಿ. ತೀರಾ ಕೊನೆಯ ಗಂಟೆಗಳಲ್ಲಿ ವೇಳಾಪಟ್ಟಿಗಿಂತ ನೆಮ್ಮದಿ ಮುಖ್ಯ.

ಪಂಪಿನ ಗುಂಯ್‌ಗುಡುವಿಕೆ ರಾತ್ರಿ ಕಿರಿಕಿರಿ. ಮಂಚಕ್ಕೂ ಪಂಪಿಗೂ ನಡುವೆ ಮಡಿಸಿದ ಬಟ್ಟೆ ಇಟ್ಟರೆ ತಗ್ಗುತ್ತದೆ. ಅಂಚಿನ ಮೇಲೆ ಕೂತರೆ ಮಲಗಿದವರು ವಾಲುತ್ತಾರೆ. ಕೈ ಹಿಡಿದು ಕೂರಲು ಮಂಚದಷ್ಟೇ ಎತ್ತರದ ಕುರ್ಚಿ ಹಾಕಿಕೊಳ್ಳಿ.