1 ಲಕ್ಷ 18 ಸಾವಿರ ಮೈಲಿ ಓಡಿದ ಮಿಯಾಟಾ ಕೊಂಡೆ

ಹಳೆಯ ಮಿಯಾಟಾ ಕಾರು ಕೊಳ್ಳಬೇಕು ಅಂತ ಯಾರಾದರೂ ನನ್ನ ಹತ್ತಿರ ಬಂದರೆ ಮೊದಲು ಕೇಳುವುದು "ಎಷ್ಟು ಓಡಿರೋದನ್ನ ತಗೋಬಹುದು?" ಅಂತಲೇ. ನಾನು ಹೇಳುವುದೂ ಪ್ರತಿ ಸಲ ಒಂದೇ. ಓಡಿದ ಲೆಕ್ಕ ಆಮೇಲೆ ನೋಡಿ. ಮೊದಲು ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡಿ, ಒದ್ದೆ ಇದೆಯಾ ಅಂತ.

ನನ್ನದು 2003ರ ಮಾಜ್ದಾ ಎಂಎಕ್ಸ್-5 ಮಿಯಾಟಾ. ಎರಡೇ ಸೀಟು, ಮಡಚುವ ಟಾಪ್, ಐದು ಗೇರು, 1.8 ಲೀಟರ್ ಎಂಜಿನ್, 142 ಹಾರ್ಸ್‌ಪವರ್. ತೂಕ ಸುಮಾರು 1,080 ಕೆ.ಜಿ., ಅಂದರೆ ಮನೆಯಲ್ಲಿರುವ ವ್ಯಾನಿನ ಅರ್ಧದಷ್ಟು. ಕೊಂಡಾಗ 1 ಲಕ್ಷ 18 ಸಾವಿರ ಮೈಲಿ ಓಡಿತ್ತು. ನಮ್ಮ ಲೆಕ್ಕದಲ್ಲಿ 1 ಲಕ್ಷ 90 ಸಾವಿರ ಕಿಲೋಮೀಟರ್. ಕೊಟ್ಟದ್ದು 7,200 ಡಾಲರ್. ಇದಕ್ಕಿಂತ ಕಮ್ಮಿ ಓಡಿದ, ನೋಡಲು ಇದಕ್ಕಿಂತ ಹೊಳೆಯುತ್ತಿದ್ದ ಇನ್ನೊಂದನ್ನು ಬಿಟ್ಟು ಇದನ್ನೇ ತಂದೆ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೂಡಿಗೆರೆ ಕಡೆಯ ತೋಟದಲ್ಲಿ ಅಪ್ಪನ ಜೀಪಿನಲ್ಲಿ ಡ್ರೈವಿಂಗ್ ಕಲಿತವಳು ನಾನು. "ಇಳಿಜಾರಲ್ಲಿ ಬ್ರೇಕ್ ತುಳ್ಕೊಂಡೇ ಇರ್ಬೇಡ ಮಗಾ, ಗೇರ್ ಇಳ್ಸು" ಅನ್ನುವುದು ಅಪ್ಪನ ಮೊದಲ ಪಾಠ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದ ಮೇಲೆ ಗೇರು ಅನ್ನುವುದೇ ಮರೆತುಹೋಗುವಷ್ಟು ವರ್ಷ ಆಟೊಮ್ಯಾಟಿಕ್ ಓಡಿಸಿದೆ. ಮಕ್ಕಳಿಬ್ಬರೂ ಕಾಲೇಜಿಗೆ ಹೋದ ಮೇಲೆ ಮನೆಯವರ ಹತ್ತಿರ ಕೇಳಿದೆ, "ರೀ, ನನಗೊಂದು ಗೇರಿನ ಕಾರು ಬೇಕು, ಸಣ್ಣದು." ಅವರು ಕೇಳಿದ್ದು ಒಂದೇ ಪ್ರಶ್ನೆ: "ಹೊಸದಾ, ಹಳೇದಾ?" ಹಳೆಯದೇ ಬೇಕು ಅಂತ ಮೊದಲೇ ನಿರ್ಧರಿಸಿದ್ದೆ. ಹೊಸ ಮಿಯಾಟಾದ ಬೆಲೆಯಲ್ಲಿ ಹಳೆಯದನ್ನು ಕೊಂಡು, ಸರಿಮಾಡಿಸಿ, ಎಷ್ಟೋ ವರ್ಷ ಪೆಟ್ರೋಲೂ ಹಾಕಿಸಬಹುದು.

ಈ ಕಾರಿಗೂ ಕ್ಯಾಲಿಫೋರ್ನಿಯಾಗೂ ಹಳೆಯ ನಂಟಿದೆ. ಎಂಜಿಯಂಥ ಬ್ರಿಟಿಷ್ ಕಂಪನಿಗಳ ಪುಟ್ಟ ತೆರೆದ ಕಾರುಗಳು 1980ರ ಹೊತ್ತಿಗೆ ನಿಂತುಹೋಗುತ್ತಿದ್ದವು. ಅಂಥದ್ದೊಂದು ಹಗುರ ಕಾರನ್ನು ನೀವು ಯಾಕೆ ಮಾಡಬಾರದು ಅಂತ ಜಪಾನಿನ ಮಾಜ್ದಾ ಕಂಪನಿಯ ಹಿರಿಯ ಎಂಜಿನಿಯರ್ ಕೆನಿಚಿ ಯಮಾಮೊಟೊ ಅವರ ಮುಂದೆ ಮಾತೆತ್ತಿದವರು ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತ. ಮುಂದೆ ಅವರೇ ಮಾಜ್ದಾದ ಕ್ಯಾಲಿಫೋರ್ನಿಯಾ ಕಚೇರಿ ಸೇರಿದರು. ರೂಪ ಮೂಡಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ತಯಾರಾದದ್ದು ಹಿರೋಷಿಮಾದಲ್ಲಿ, ಜನ ಮೊದಲು ನೋಡಿದ್ದು 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೊ ಶೋದಲ್ಲಿ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷನೆಯ ಕಾರು ಹೊರಬಂತು. ಇಷ್ಟೊಂದು ಮಾರಾಟವಾಗಿರುವುದರಿಂದಲೇ ನನ್ನಂಥವರಿಗೆ ಅನುಕೂಲ. ಇದರ ಬಿಡಿಭಾಗ ಸಿಗದೆ ಕಾರು ಶೆಡ್ಡಿನಲ್ಲಿ ನಿಂತಿದೆ ಅನ್ನುವ ಮಾತು ಇಲ್ಲಿ ಕೇಳಿಬರುವುದಿಲ್ಲ. ಹವ್ಯಾಸಿಗಳು ರೇಸಿಗೂ ಇದನ್ನೇ ಬಳಸುತ್ತಾರೆ. 'ಸ್ಪೆಕ್ ಮಿಯಾಟಾ' ಅಂತ ಪ್ರತ್ಯೇಕ ವರ್ಗವೇ ಇದೆ.

ಇನ್ನು ಆ ಬಿಟ್ಟುಬಂದ ಕಾರಿನ ವಿಷಯ. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಒಂದು ಅಂಗಡಿಯಲ್ಲಿತ್ತು. ಓಡಿದ್ದು ಬರೀ 41 ಸಾವಿರ ಮೈಲಿ, ಬೆಲೆ 9,500 ಡಾಲರ್. ಬಣ್ಣ, ಪಾಲಿಶ್ ಎಲ್ಲ ಚೆನ್ನಾಗಿತ್ತು. ಬಾಗಿಲು ತೆಗೆದ ಕೂಡಲೇ ಏರ್ ಫ್ರೆಶನರಿನ ವಾಸನೆ ಹೊಡೆಯಿತು, ಅದರಡಿಯಲ್ಲಿ ಮುಗ್ಗಲು. ಸೀಟನ್ನು ಮುಂದೆ ಸರಿಸಿ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳಿಗೆ ತೇವ ತಾಗಿತು. ನಾನು ಅಲ್ಲಿಗೇ ನಿಲ್ಲಿಸಿದೆ.

ಆ ತೇವ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ ಮಿಯಾಟಾ ನೋಡುವುದು ಅರ್ಧ ಕಲಿತಂತೆ. ಬಟ್ಟೆಯ ಟಾಪಿನ ಮೇಲೆ ಬಿದ್ದ ಮಳೆನೀರೆಲ್ಲ ಹಿಂದಕ್ಕೆ ಹರಿದು ಟಾಪಿನ ಬುಡದಲ್ಲಿರುವ ಪ್ಲಾಸ್ಟಿಕ್ ಕಾಲುವೆಗೆ ಬೀಳುತ್ತದೆ. ನಮ್ಮೂರಲ್ಲಿ ಸೂರಿನ ಕೆಳಗೆ ಅಡಿಕೆ ಮರದ ದಂಬೆ ಕಟ್ಟುತ್ತಿದ್ದರಲ್ಲ, ಕೆಲಸ ಅದೇ. ಕಾಲುವೆಯ ಎರಡು ತುದಿಗೂ, ಅಂದರೆ ಸೀಟ್‌ಬೆಲ್ಟ್ ಹೊರಬರುವ ಗೋಪುರದಂಥ ಕಂಬದ ಹಿಂದೆ, ಒಂದೊಂದು ತೂತು. ಅಲ್ಲಿಂದ ನೀರು ಕೊಳವೆಯಲ್ಲಿಳಿದು ಹಿಂಚಕ್ರದ ಮುಂಭಾಗದಲ್ಲಿ ಕಾರಿನಡಿಗೆ ಸುರಿಯಬೇಕು. ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಎಲೆ, ಕಡ್ಡಿ, ಧೂಳು ಸೇರಿ ಈ ತೂತು ಕಟ್ಟಿಕೊಳ್ಳುತ್ತದೆ. ಆಗ ನೀರು ಉಕ್ಕಿ ಒಳಕ್ಕೆ ಬರುತ್ತದೆ, ಬಾಗಿಲಿನ ಕೆಳಗಿನ ಟೊಳ್ಳು ಹಲಗೆಯಲ್ಲಿ ನಿಂತು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗೆ ತಗಡು ಉಳಿದಿರುವುದಿಲ್ಲ. ಎಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ಕೊಳೆತ ತಗಡನ್ನು ಕತ್ತರಿಸಿ ಬೆಸುಗೆ ಹಾಕಿಸಲು ಹೋದರೆ ಕಾರಿನ ಬೆಲೆಯೇ ಆಗುತ್ತದೆ. ಇಂಗ್ಲೆಂಡಿನ ಹಳೆಯ ಎಂಎಕ್ಸ್-5ಗಳು ಬಹಳಷ್ಟು ಹಾಳಾಗುವುದು ಇದೇ ಜಾಗದಲ್ಲಿ, ಅಲ್ಲಿ ಚಳಿಗಾಲದ ರಸ್ತೆ ಉಪ್ಪೂ ಸೇರಿಕೊಳ್ಳುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ನಮ್ಮ ಬೇ ಏರಿಯಾದಲ್ಲಿ ಉಪ್ಪಿಲ್ಲ, ಎಲೆ ಮಾತ್ರ ಬೇಕಾದಷ್ಟು.

ನೋಡುವ ಬಗೆ ಸುಲಭ. ಟಾಪ್ ಸ್ವಲ್ಪ ಮೇಲೆತ್ತಿ ಒಂದು ಲೋಟ ನೀರನ್ನು ಆ ತೂತಿಗೆ ನಿಧಾನವಾಗಿ ಹೊಯ್ಯಿರಿ, ಕೆಳಗೆ ಬಗ್ಗಿ ನೋಡಿ. ಧಾರೆಯಾಗಿ ಬಂದರೆ ಸರಿ. ಮಾಲೀಕರು "ಏನು ಮಾಡ್ತಿದ್ದೀರಿ?" ಅಂತ ಬೆರಗಾದರೆ ಅದೂ ಒಂದು ಉತ್ತರವೇ.

ನಾನು ಕೊಂಡ ಕಾರಿನ ಮಾಲೀಕರು ಬೆರಗಾಗಲಿಲ್ಲ. ನಿವೃತ್ತ ಶಾಲಾ ಮೇಷ್ಟ್ರು, ಲಿವರ್‌ಮೋರಿನ ಕಡೆಯವರು. ನಾನು ಬಾಟಲಿ ಹಿಡಿದುಕೊಂಡು ಹೋದದ್ದನ್ನು ನೋಡಿ ಅವರೇ ಟಾಪ್ ಎತ್ತಿಕೊಟ್ಟರು. ಒಂದು ದಪ್ಪ ಫೈಲ್ ಇತ್ತು, ಆಯಿಲ್ ಬದಲಿಸಿದ ಪ್ರತಿ ರಸೀದಿಯೂ ತಾರೀಖಿನ ಪ್ರಕಾರ. ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆಯುವಂತೆ ಮಾಡುವ ರಬ್ಬರ್ ಪಟ್ಟಿ) ಒಮ್ಮೆ ಬದಲಾಗಿತ್ತು, ಎರಡನೆಯ ಸಲದ್ದು ಹತ್ತಿರ ಬಂದಿದೆ ಅಂತ ನಾನು ಕೇಳುವ ಮೊದಲೇ ಹೇಳಿದರು. 60 ಸಾವಿರ ಮೈಲಿಗೊಮ್ಮೆ ಬದಲಿಸುವುದು ಈ ಕಾರು ಇಟ್ಟುಕೊಂಡವರ ರೂಢಿ. ಬ್ಯಾಟರಿಯನ್ನೂ ನೋಡಿದೆ. ಇದರ ಬ್ಯಾಟರಿ ಡಿಕ್ಕಿಯಲ್ಲಿರುತ್ತದೆ. ಗಾಳಿ ಹೊರಹೋಗಲು ಕೊಳವೆ ಇರುವ, ಆಸಿಡ್ ಚೆಲ್ಲದ ಬಗೆಯದೇ ಬೇಕು. ದುಡ್ಡು ಉಳಿಸಲು ಸಾಮಾನ್ಯ ಬ್ಯಾಟರಿ ಇಟ್ಟರೆ ಡಿಕ್ಕಿಯ ತಗಡು ತಿಂದುಹೋಗುತ್ತದೆ. ಅವರು ಸರಿಯಾದದ್ದನ್ನೇ ಇಟ್ಟಿದ್ದರು. ಹೀಗೆ ನೋಡಿಕೊಂಡವರ ಕೈಯಲ್ಲಿ ಲಕ್ಷ ಮೈಲಿ ಓಡಿದ ಕಾರು, ನಲವತ್ತು ಸಾವಿರ ಓಡಿ ಮರದ ಕೆಳಗೆ ನಿಂತ ಕಾರಿಗಿಂತ ಸಾವಿರ ಪಾಲು ಮೇಲು.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2314 ಅಂದರೆ 2014ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಇಂಥ ಕಾರುಗಳು ವರ್ಷಕ್ಕೆ ಓಡುವುದೇ ಕಡಿಮೆ, ಹಾಗಾಗಿ ಟೈರಿನ ಹಲ್ಲು ಸವೆಯುವ ಮೊದಲೇ ರಬ್ಬರು ಗಟ್ಟಿಯಾಗಿರುತ್ತದೆ. ನನ್ನ ಕಾರಿನವೂ ಹಳೆಯವಾಗಿದ್ದವು. ಅದನ್ನು ತೋರಿಸಿ 400 ಡಾಲರ್ ಇಳಿಸಿದೆ, ಮೇಷ್ಟ್ರು ಚೌಕಾಸಿ ಮಾಡದೆ ಒಪ್ಪಿದರು.

ಕಾಗದಪತ್ರ ಸಲೀಸು. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಸರ್ಟಿಫಿಕೇಟ್, ಅಂದರೆ ಹೊಗೆ ತಪಾಸಣೆಯ ಪತ್ರ, ಮಾಡಿಸಿಕೊಡುವ ಜವಾಬ್ದಾರಿ ಮಾರುವವರದು, ಅದು 90 ದಿನದೊಳಗಿನದಾಗಿರಬೇಕು. ಹೆಸರು ಬದಲಾವಣೆಗೆ ಕೊಂಡವರಿಗೆ 10 ದಿನ ಅವಕಾಶ. "ಸ್ಮಾಗ್ ನೀವೇ ಮಾಡಿಸ್ಕೊಳ್ಳಿ, ಬೆಲೆ ಕಮ್ಮಿ ಮಾಡ್ತೀನಿ" ಅನ್ನುವವರ ಕಾರು ಬೇಡವೇ ಬೇಡ.

ತಂದ ಮೇಲೆ ಟೈಮಿಂಗ್ ಬೆಲ್ಟ್, ಅದರ ಜೊತೆಗೇ ವಾಟರ್ ಪಂಪ್, ನಾಲ್ಕು ಟೈರು, ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಬದಲಿಸಿದೆ. ಎಲ್ಲ ಸೇರಿ ಸುಮಾರು 1,900 ಡಾಲರ್. ಪೆಡಲ್ ತುಳಿದ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಈ ಕಾರಿನಲ್ಲಿ ಕಾಲಕಾಲಕ್ಕೆ ಸೋರುವ ಭಾಗ. ಕ್ಲಚ್ ಪೆಡಲ್ ಮೆತ್ತಗಾಗುತ್ತಾ ಬಂದು ಗೇರು ಬೀಳಲು ತಕರಾರು ಮಾಡುತ್ತದೆ. ಬೆಲೆ ಹೆಚ್ಚಲ್ಲ. ಗೇರ್ ಲಿವರಿನ ಕೆಳಗಿನ ರಬ್ಬರ್ ಬೂಟ್ ಹರಿದಿದ್ದರೆ ಅದನ್ನೂ ಆಗಲೇ ಹಾಕಿಸಿಬಿಡಿ. ಇಲ್ಲದಿದ್ದರೆ ಗೇರ್‌ಬಾಕ್ಸಿನ ಬಿಸಿಗಾಳಿಯೆಲ್ಲ ಒಳಗೆ ಬಂದು ಬೇಸಿಗೆಯಲ್ಲಿ ಮೊಣಕಾಲು ಸುಡುತ್ತದೆ.

ಓಡಿಸುವ ಸುಖದ ಮಾತಿಗೆ ಬರುತ್ತೇನೆ. ಇದು ಜೋರಾಗಿ ಓಡುವ ಕಾರಲ್ಲ. ಸಿಗ್ನಲ್ ಬಿಟ್ಟಾಗ ಪಕ್ಕದ ಬ್ಯಾಟರಿ ಕಾರು ಸದ್ದಿಲ್ಲದೆ ಮುಂದೆ ಹೋಗುತ್ತದೆ, ಹೋಗಲಿ. ಇದರ ಗುಣ ಬೇರೆ. ಎಂಜಿನ್ ಮುಂಚಕ್ರದ ಅಚ್ಚಿನಿಂದ ಹಿಂದಕ್ಕೆ ಸರಿದು ಕೂತಿದೆ, ತೂಕ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ. ಗೇರ್‌ಬಾಕ್ಸಿನಿಂದ, ಹಿಂಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಅಲ್ಯೂಮಿನಿಯಂ ಚೌಕಟ್ಟು ಬಿಗಿದಿರುವುದರಿಂದ ಆಕ್ಸಿಲರೇಟರ್ ಒತ್ತಿದ ಕ್ಷಣವೇ ಹಿಂಚಕ್ರ ತಳ್ಳುವುದು ಬೆನ್ನಿಗೆ ಗೊತ್ತಾಗುತ್ತದೆ. ಗೇರ್ ಲಿವರ್ ಮಣಿಕಟ್ಟು ತಿರುಗಿಸುವಷ್ಟೇ ದೂರ ಚಲಿಸುತ್ತದೆ. ಹಾಕಿದ ಗೇರು ಬಿತ್ತಾ ಇಲ್ಲವಾ ಅನ್ನುವ ಅನುಮಾನ ಇಲ್ಲ.

ಇದನ್ನೆಲ್ಲ ಅರ್ಥ ಮಾಡಿಕೊಳ್ಳಬೇಕಾದರೆ ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್ ಹತ್ತಬೇಕು. ತುದಿಯಲ್ಲಿ ಲಿಕ್ ವೀಕ್ಷಣಾಲಯ ಇದೆ; 1888ರಲ್ಲಿ ಅಲ್ಲಿ ಕೂರಿಸಿದ 36 ಅಂಗುಲದ ದೂರದರ್ಶಕ, ಮಸೂರ ಬಳಸುವ ದೂರದರ್ಶಕಗಳಲ್ಲಿ ಆಗ ಜಗತ್ತಿನಲ್ಲೇ ದೊಡ್ಡದು. ರಸ್ತೆ ಅದಕ್ಕೂ ಹಳೆಯದು, 1876ರದ್ದು. ಸಾಮಾನು ಎಳೆಯುವ ಕುದುರೆಗಳು ದಣಿಯಬಾರದು ಅಂತ ಏರನ್ನು ಎಲ್ಲಿಯೂ ಕಡಿದಾಗಿಸದೆ, ಅದಕ್ಕೆ ಬದಲಾಗಿ ಬೆಟ್ಟವನ್ನು ಸುತ್ತಿಸಿ ಸುತ್ತಿಸಿ ಒಯ್ದಿದ್ದಾರೆ. ಸುಮಾರು 19 ಮೈಲಿ, ಲೆಕ್ಕವಿಲ್ಲದ ತಿರುವು. ಎರಡನೆಯ ಮತ್ತು ಮೂರನೆಯ ಗೇರಿನಲ್ಲೇ ಪೂರ್ತಿ ಹತ್ತಬಹುದು. ವೇಗ 30 ಮೈಲಿ ದಾಟುವುದೇ ಅಪರೂಪ, ಆದರೂ ಕೈಗೂ ಕಾಲಿಗೂ ಬಿಡುವಿರುವುದಿಲ್ಲ. ಟಾಪ್ ಮಡಚಿದ್ದರೆ ಒಣಹುಲ್ಲಿನ ವಾಸನೆ, ಓಕ್ ಮರದ ನೆರಳು ದಾಟುವಾಗಿನ ತಂಪು, ಮುಂದಿನ ತಿರುವಿನಲ್ಲಿ ಬರುತ್ತಿರುವ ಸೈಕಲ್ಲಿನವರ ಮಾತು ಎಲ್ಲ ಒಳಗೆ ಬರುತ್ತದೆ. ಬಲವಾದ ಕಾರಿನಲ್ಲಿ ಈ ರಸ್ತೆಗೆ ಹೋದರೆ ಅದರ ಬಲದ ಕಾಲು ಭಾಗವನ್ನೂ ಬಳಸಲಾಗುವುದಿಲ್ಲ. ಈ ಕಾರಿನಲ್ಲಿ ಇದ್ದಬದ್ದದ್ದೆಲ್ಲ ಬಳಕೆಗೆ ಬರುತ್ತದೆ. ಚಾರ್ಮಾಡಿ ಇಳಿಯುವಾಗ ಅಪ್ಪ ಹೇಳಿಕೊಟ್ಟದ್ದೆಲ್ಲ ನನ್ನ ಎಡಗಾಲಿಗೆ ತಾನಾಗಿ ನೆನಪಾಯಿತು.

ಫ್ರೀವೇ ಬೇರೆ ಕಥೆ. 70 ಮೈಲಿ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 3,600 ಸುತ್ತಿನ ಆಸುಪಾಸು ತಿರುಗುತ್ತಿರುತ್ತದೆ, ಟಾಪ್ ಹಾಕಿದ್ದರೂ ಗಾಳಿಯ ಸದ್ದು, ಟೈರಿನ ಸದ್ದು. ಲಾಸ್ ಏಂಜಲಿಸ್‌ವರೆಗೆ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಲಾರಿಯ ಪಕ್ಕದಲ್ಲಿ ನಮ್ಮ ತಲೆ ಅದರ ಚಕ್ರದ ಮಟ್ಟಕ್ಕಿರುತ್ತದೆ. ಅವರು ನಮ್ಮನ್ನು ನೋಡಿಲ್ಲ ಅಂತಲೇ ಅಂದುಕೊಂಡು ಓಡಿಸಬೇಕು. ಇವತ್ತಿನ ಕಾರುಗಳಲ್ಲಿರುವ, ಜಾರಿದಾಗ ತಾನೇ ಬ್ರೇಕ್ ಹಿಡಿದು ಕಾರನ್ನು ಹತೋಟಿಗೆ ತರುವ ಸ್ಟೆಬಿಲಿಟಿ ಕಂಟ್ರೋಲ್ ಇದರಲ್ಲಿಲ್ಲ, ಹಿಂಚಕ್ರಕ್ಕೆ ಬಲ ಹೋಗುವ ಹಗುರ ಕಾರು, ಮೊದಲ ಮಳೆಯ ದಿನ ರಸ್ತೆ ಜಾರುತ್ತದೆ. ಈಗಷ್ಟೇ ಲೈಸೆನ್ಸ್ ಪಡೆದ ಮಕ್ಕಳ ಕೈಗೆ ಕೊಡಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಡಿಕ್ಕಿ 144 ಲೀಟರಿನದು. 20 ಪೌಂಡಿನ ಸೋನಾ ಮಸೂರಿ ಚೀಲ ಎರಡು ಮತ್ತು ತರಕಾರಿ ಹಿಡಿಯುತ್ತದೆ. ಮನೆಯಲ್ಲಿ ಇನ್ನೊಂದು ಕಾರು ಇರಲೇಬೇಕು.

ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿದವರೇ ಕೇಳಿದ್ದು, "ಮೇಲ್ಗಡೆ ಬಟ್ಟೆಯೇನೇ? ಮಳೆ ಬಂದ್ರೆ?" ಕೂತಲ್ಲಿಂದಲೇ ಒಂದು ಕೈ ಹಿಂದೆ ಚಾಚಿ ಟಾಪ್ ಎಳೆದು, ಎರಡು ಚಿಲಕ ಹಾಕಿ ತೋರಿಸಿದೆ. "ಅಷ್ಟೇಯಾ!" ಅಂದರು. ಅಷ್ಟೇ. 2003ರ ಕಾರಿಗೆ ಹಿಂದಿನ ಕಿಟಕಿ ಗಾಜಿನದು, ಅದರಲ್ಲಿ ಮಂಜು ಕರಗಿಸುವ ಬಿಸಿತಂತಿಯೂ ಇದೆ. ಮೊದಲ ತಲೆಮಾರಿನ ಕಾರುಗಳಲ್ಲಿ ಪ್ಲಾಸ್ಟಿಕ್ ಕಿಟಕಿ. ಟಾಪ್ ಮಡಚುವ ಮೊದಲು ಅದರ ಜಿಪ್ ಬಿಚ್ಚಬೇಕು, ಚಳಿಯಲ್ಲಿ ಮಡಚಿದರೆ ಸೀಳುತ್ತದೆ. ನಿಮಗೆ ಸಿಕ್ಕ ಕಾರಿನ ಟಾಪ್ ಹರಿದಿದ್ದರೆ ಹೊಸದು ಹಾಕಿಸುವ ಕೂಲಿಯೂ ಸೇರಿ ಸಾವಿರ ಡಾಲರ್ ದಾಟುತ್ತದೆ, ಬೆಲೆ ಮಾತಾಡುವಾಗಲೇ ಹಿಡಿದುಕೊಳ್ಳಿ.

ಯಾವ ವರ್ಷದ್ದು ತಗೊಳ್ಳಲಿ ಅನ್ನುವವರಿಗೆ ನನ್ನ ಅಭಿಪ್ರಾಯ ಇದು. ಹೆಡ್‌ಲೈಟು ಎದ್ದು ನಿಲ್ಲುವ ಮೊದಲ ತಲೆಮಾರಿನದೇ ಬೇಕು ಅಂದರೆ 1994ರಿಂದ 1997ರವರೆಗಿನ 1.8 ಲೀಟರಿನದನ್ನು ಹುಡುಕಿ. 1990ರ ಮತ್ತು 1991ರ ಆರಂಭದ ಕೆಲವು ಎಂಜಿನ್ನುಗಳಲ್ಲಿ ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡದ) ಮೂತಿ ಗಿಡ್ಡ, ಅದರ ತುದಿಯ ಪುಲ್ಲಿ ಸಡಿಲಾಗುವ ತೊಂದರೆ ಇದೆ, ಮೆಕ್ಯಾನಿಕ್ಕಿಗೆ ತೋರಿಸದೆ ಕೊಳ್ಳಬೇಡಿ. ನೋಟಕ್ಕಿಂತ ಓಡಾಟ ಮುಖ್ಯ ಅನ್ನುವವರಿಗೆ 2001ರಿಂದ 2005ರವರೆಗಿನದು: ವಾಲ್ವ್ ಟೈಮಿಂಗ್ ಬದಲಾಗುವ ಎಂಜಿನ್, ಬಿಗಿಯಾದ ದೇಹ, ಗಾಜಿನ ಕಿಟಕಿ. ಸ್ಮಾಗ್ ಪರೀಕ್ಷೆಯೂ ಕಂಪ್ಯೂಟರ್ ಕೇಬಲ್ ಚುಚ್ಚಿ ಬೇಗ ಮುಗಿಯುತ್ತದೆ. ಬೇ ಏರಿಯಾದಲ್ಲಿ ಹುಡುಕುತ್ತಿರುವ ಕನ್ನಡದವರು ಯಾರಿಗಾದರೂ ಕಾರು ನೋಡಲು ಜೊತೆ ಬೇಕಿದ್ದರೆ ಶನಿವಾರ ಬೆಳಗ್ಗೆ ನಾನು ಬರುತ್ತೇನೆ, ನೀರಿನ ಬಾಟಲಿ ನನ್ನ ಹತ್ತಿರವೇ ಇರುತ್ತದೆ.